ತಟ್ಟೆಯ ಮೇಲೆ ಮುದ್ರಿತವಾದ ಮಾತು

ಮಾನವತಾವಾದಿ ಆಪ್ತಸಮಾಲೋಚನೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅದರ ಪ್ರವರ್ತಕ ಕಾರ್ಲ್ ರೋಜರ್ಸ್ ಅವರ ಸೌಮ್ಯ ಸ್ವಭಾವದಿಂದ ಶುರುಮಾಡುತ್ತಾರೆ. ಆಪ್ತಸಮಾಲೋಚನೆ ಕಲಿಯಲು ಬರುವವರಿಗೆ ನಾನು ಮಾತ್ರ ಮೊದಲು ಹೇಳುವುದು ಒಂದು ಯಂತ್ರದ ಕತೆ.

1940ರ ದಶಕದ ಆರಂಭ, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯ. ಟೇಪ್ ರೆಕಾರ್ಡರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ರೋಜರ್ಸ್ ಅವರ ವಿದ್ಯಾರ್ಥಿ ಬರ್ನಾರ್ಡ್ ಕವ್ನರ್, ಸಮಾಲೋಚನೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಕೊರೆದು ಹಿಡಿಯುವ ವ್ಯವಸ್ಥೆ ಮಾಡಿದರು. ಒಂದು ತಟ್ಟೆ ಕೆಲವೇ ನಿಮಿಷಕ್ಕೆ ತುಂಬಿಬಿಡುತ್ತಿತ್ತು. ಹಾಗಾಗಿ ಎರಡು ಯಂತ್ರ, ಒಂದು ತುಂಬುವಷ್ಟರಲ್ಲಿ ಇನ್ನೊಂದು ಸಿದ್ಧ.

ಅಲ್ಲಿಯವರೆಗೆ ಮನೋಚಿಕಿತ್ಸೆಯ ಕೋಣೆಯಲ್ಲಿ ಏನು ನಡೆಯಿತೆಂಬುದಕ್ಕೆ ಚಿಕಿತ್ಸಕನ ನೆನಪೇ ಆಧಾರ. ಸ್ವತಃ ಫ್ರಾಯ್ಡ್ ದಿನದ ಕೆಲಸ ಮುಗಿಸಿ ಸಂಜೆ ನೆನಪಿನಿಂದ ಬರೆದಿಡುತ್ತಿದ್ದರು. ನೆನಪು ಬರೆಯುವವನ ಪರವಾಗಿಯೇ ವಾಲುತ್ತದೆ. ತಟ್ಟೆಗೆ ಆ ಮುಲಾಜಿಲ್ಲ.

ಆ ಹೊತ್ತಿಗೆ ರೋಜರ್ಸ್ ರೋಚೆಸ್ಟರ್ ನಗರದಲ್ಲಿ ಹನ್ನೆರಡು ವರ್ಷ ಕಷ್ಟದಲ್ಲಿದ್ದ ಮಕ್ಕಳ ಜೊತೆ ಕೆಲಸ ಮಾಡಿ ಬಂದಿದ್ದರು. ಅಲ್ಲಿ ಹುಡುಗನೊಬ್ಬನ ತಾಯಿಗೆ, ಮಗನನ್ನು ನೀವೇ ಒಳಗೊಳಗೇ ತಿರಸ್ಕರಿಸಿದ್ದೀರಿ ಎಂದು ಮನದಟ್ಟು ಮಾಡಿಸಲು ಎಷ್ಟೋ ಭೇಟಿಗಳಲ್ಲಿ ಹೆಣಗಿದರು. ಆಗಲಿಲ್ಲ. ಇಬ್ಬರೂ ಸೋತು, ಇನ್ನು ಸಾಕು ಎಂದುಕೊಂಡರು. ಆಕೆ ಬಾಗಿಲವರೆಗೆ ಹೋದವಳು ತಿರುಗಿ, ಇಲ್ಲಿ ದೊಡ್ಡವರನ್ನೂ ನೋಡುತ್ತೀರಾ ಎಂದು ಕೇಳಿದಳು. ಮರಳಿ ಕೂತು ತನ್ನ ದಾಂಪತ್ಯದ ಸಂಕಟವನ್ನೆಲ್ಲ ಹೇಳಿಕೊಂಡಳು. ರೋಜರ್ಸ್ ಕೇಳಿಸಿಕೊಂಡರು. ನೋವು ಎಲ್ಲಿದೆ, ಯಾವ ಕಡೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಇಂಥ ಅನುಭವಗಳಿಂದ. 1940ರ ಡಿಸೆಂಬರ್ 11ರಂದು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಅವರು ಇದನ್ನು ಬಹಿರಂಗವಾಗಿ ಮಂಡಿಸಿದರು. ಸಲಹೆ ಕೊಡುವುದೇ ಸಮಾಲೋಚನೆ ಎಂದುಕೊಂಡಿದ್ದವರಿಗೆ ಅದು ಹಿಡಿಸಲಿಲ್ಲ.

1942ರ ಅವರ ಪುಸ್ತಕದಲ್ಲಿ ಹರ್ಬರ್ಟ್ ಬ್ರಯಾನ್ ಎಂಬ ಬದಲಿ ಹೆಸರಿನ ವ್ಯಕ್ತಿಯ ಎಂಟು ಭೇಟಿಗಳು ಮಾತುಮಾತಾಗಿ ಅಚ್ಚಾದವು. ಸಮಾಲೋಚಕನ ಮಾತುಗಳೂ ಅಲ್ಲಿವೆ, ಅವನು ಎಡವಿದ ಕಡೆ ಅಡಿಟಿಪ್ಪಣಿಯೂ ಇದೆ. ತನ್ನ ಕಸುಬನ್ನು ಹೀಗೆ ಬಿಚ್ಚಿ ತೋರಿಸಿದ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಇನ್ನೊಬ್ಬ ವಿದ್ಯಾರ್ಥಿ ಪೋರ್ಟರ್ ಇಂಥ ದಾಖಲೆಗಳಲ್ಲಿ ಪದಗಳನ್ನೇ ಎಣಿಸಿದರು: ದಾರಿ ತೋರಿಸಲು ಹೊರಟ ಸಮಾಲೋಚಕರು, ಕೇಳಿಸಿಕೊಳ್ಳುವವರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಮಾತಾಡಿದ್ದರು.

1945ರಲ್ಲಿ ರೋಜರ್ಸ್ ಷಿಕಾಗೊಗೆ ಹೋಗಿ ಸಮಾಲೋಚನಾ ಕೇಂದ್ರ ಕಟ್ಟಿದರು. ಸಮಾಲೋಚಕನ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಇನ್ನೊಬ್ಬರ ಒಳಗಿನಿಂದ ನೋಡುವ ಪರಾನುಭೂತಿ ಇವನ್ನೆಲ್ಲ ಒಳಗೊಂಡ ಪ್ರಸಿದ್ಧ ಲೇಖನ ಬಂದದ್ದು 1957ರಲ್ಲಿ. ಆಮೇಲೆ ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಜೊತೆ ನಡೆಸಿದ ದೊಡ್ಡ ಅಧ್ಯಯನ ನಿರೀಕ್ಷಿಸಿದ ಫಲ ಕೊಡಲಿಲ್ಲ. ಅದನ್ನೂ 1967ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಅಷ್ಟರಲ್ಲಿ ಒಂದು ವಿಕಾರವೂ ಹುಟ್ಟಿತ್ತು. ಬಂದವರ ಕೊನೆಯ ಮಾತನ್ನು ಗಿಳಿಯಂತೆ ಒಪ್ಪಿಸಿದರೆ ಅದೇ ರೋಜರ್ಸ್ ಪದ್ಧತಿ ಎಂದು ಎಷ್ಟೋ ಕಡೆ ಕಲಿಸಿದರು. ಇದರಿಂದ ಬೇಸತ್ತು, ಪರಾನುಭೂತಿಯ ಆಲಿಸುವಿಕೆಯ ಬಗ್ಗೆ ವರ್ಷಗಟ್ಟಲೆ ಹೆಚ್ಚೇನೂ ಹೇಳದೆ ಉಳಿದೆ ಎಂದು ರೋಜರ್ಸ್ ಅವರೇ 1975ರಲ್ಲಿ ಬರೆದರು. ನನ್ನ ವಿದ್ಯಾರ್ಥಿಗಳಿಗೆ ಹತ್ತು ನಿಮಿಷದ ಮಾತುಕತೆ ಮುದ್ರಿಸಿ, ಅಕ್ಷರಕ್ಕಿಳಿಸಿ ತರಲು ಹೇಳುವುದು ಈ ಗಿಳಿಪಾಠ ಬಿಡಿಸಲಿಕ್ಕೇ. ಎದುರಿನವರು ಅಳು ನುಂಗಿಕೊಂಡು ಸುಮ್ಮನಾದ ಕ್ಷಣದಲ್ಲಿ ತಾವು ಅವಸರದಿಂದ "ಎಲ್ಲಾ ಸರಿಹೋಗುತ್ತಮ್ಮ" ಎಂದು ಬಾಯಿ ಹಾಕಿದ್ದು ಕಾಗದದ ಮೇಲೆ ಕಂಡಾಗ ಅವರ ಮುಖವೇ ಬದಲಾಗುತ್ತದೆ. ನನ್ನ ಯಾವ ಉಪನ್ಯಾಸವೂ ಅಷ್ಟು ಕಲಿಸಿಲ್ಲ.

ಆದರೆ ಯಂತ್ರ ಸಮಾಲೋಚಕನನ್ನು ಮಾತ್ರ ಬಯಲಿಗೆ ತರುವುದಿಲ್ಲ. ಬ್ರಯಾನ್‌ಗೆ ಬದಲಿ ಹೆಸರಿನ ಮರೆಯಿತ್ತು. 1964ರಲ್ಲಿ ಚಿತ್ರೀಕರಿಸಿದ ಶಿಕ್ಷಣ ಚಿತ್ರದಲ್ಲಿ ರೋಜರ್ಸ್, ಪರ್ಲ್ಸ್, ಎಲ್ಲಿಸ್ ಎಂಬ ಮೂವರು ಚಿಕಿತ್ಸಕರ ಜೊತೆಗೂ ಮಾತಾಡಿದ ಗ್ಲೋರಿಯಾ ಎಂಬಾಕೆಯ ಮುಖವನ್ನೇ ಜಗತ್ತು ನೋಡಿತು. ತನ್ನ ಮಗಳಿಗೆ ಸುಳ್ಳು ಹೇಳಿದ ಸಂಕಟವನ್ನು ಆಕೆ ಹೇಳಿಕೊಳ್ಳುವುದನ್ನು ತಲೆಮಾರುಗಳ ವಿದ್ಯಾರ್ಥಿಗಳು ಕಂಡಿದ್ದಾರೆ, ನಾನೂ ಕಂಡಿದ್ದೇನೆ. ಆ ಭಾಗ ಬಂದಾಗಲೆಲ್ಲ, ನೋಡುವ ಹಕ್ಕು ನನಗಿದೆಯೇ ಎನಿಸುತ್ತದೆ. ಅದಕ್ಕೇ ನಮ್ಮ ತರಗತಿಯಲ್ಲಿ ಒಪ್ಪಿಗೆ ಕೇಳುವುದು ಎರಡು ಸಲ, ಮುದ್ರಿಸುವ ಮುಂಚೆ ಮತ್ತು ಮಾತು ಮುಗಿದ ಮೇಲೆ. ಎರಡನೇ ಸಲ ಬೇಡ ಎಂದವರ ಧ್ವನಿಯನ್ನು ಯಾರೂ ಕೇಳುವುದಿಲ್ಲ.