ಎಂಜಿನ್ನಿನ ಉಸಿರು ಎಲ್ಲಿಗೆ ಹೋಗಬೇಕು?

ನಮ್ಮೂರಿನ ಲಾರಿ ಸ್ಟ್ಯಾಂಡಿನ ನೆಲ ಸದಾ ಕಪ್ಪಗಿರುತ್ತಿತ್ತು. ಹಳೆಯ ಲಾರಿಗಳ ಎಂಜಿನ್ನಿನಿಂದ ಇಳಿಬಿದ್ದ ಕೊಳವೆಯೊಂದರ ತುದಿಯಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು, ಆಗೊಮ್ಮೆ ಈಗೊಮ್ಮೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ಕುಗಳು ಅದನ್ನು ಬ್ರೀದರ್ ಎನ್ನುತ್ತಿದ್ದರು. ಈಗ ನಗರಗಳ ಗಾಳಿಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ, ತನ್ನ ಸ್ಪೋರ್ಟ್ಸ್ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಬೇಕೇ ಎಂದು ಗೆಳೆಯನೊಬ್ಬ ಕೇಳಿದಾಗ ಮೊದಲು ನೆನಪಾದದ್ದು ಆ ಕೊಳವೆ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವಾಗ ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ ನುಸುಳುತ್ತದೆ. ಎಷ್ಟೇ ಹೊಸ ಎಂಜಿನ್ ಇರಲಿ, ಇದು ತಪ್ಪಿದ್ದಲ್ಲ. ಆ ಅನಿಲವನ್ನು ಹೊರಗೆ ಬಿಡದಿದ್ದರೆ ಒತ್ತಡ ಹೆಚ್ಚಿ ಸೀಲುಗಳು ಸೋರುತ್ತವೆ. ಹಾಗಾಗಿ ದಶಕಗಳ ಕಾಲ ಎಲ್ಲರೂ ಮಾಡಿದ್ದು ಒಂದೇ ಉಪಾಯ: ಒಂದು ಕೊಳವೆ ಇಟ್ಟು ಎಲ್ಲವನ್ನೂ ರಸ್ತೆಗೆ ಬಿಡುವುದು.

1943ರ ಜುಲೈಯಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಹೊಗೆ ಕವಿಯಿತು. ಯುದ್ಧದ ದಿನಗಳು, ಜಪಾನೀಯರ ವಿಷಾನಿಲ ದಾಳಿಯೇ ಎಂದು ಹೆದರಿದವರೂ ಇದ್ದರು. ನಿಜವಾದ ಕಾರಣ ಹೇಳಿದವರು ಕ್ಯಾಲ್‌ಟೆಕ್‌ನ ಆರಿ ಹಾಗೆನ್-ಸ್ಮಿತ್. ಅನಾನಸಿನ ಘಮದ ರಸಾಯನ ಹುಡುಕುತ್ತಿದ್ದ ಡಚ್ ಮೂಲದ ವಿಜ್ಞಾನಿ ಅವರು (ನನ್ನ ಪ್ರಬಂಧದಲ್ಲಿ ನನಗೆ ಅತಿ ಪ್ರಿಯವಾದ ವ್ಯಕ್ತಿ). ಉರಿಯದೆ ಉಳಿದ ಇಂಧನದ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಜೋನ್ ಆಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿದರು. ಆ ಕಾಲದ ಕಾರು ಹೊರಬಿಡುತ್ತಿದ್ದ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಪಾಲು ಸೈಲೆನ್ಸರಿನಿಂದಲ್ಲ, ಈ ಬ್ರೀದರ್ ಕೊಳವೆಯಿಂದಲೇ ಬರುತ್ತಿತ್ತು.

ಪರಿಹಾರ ಸರಳ, ಅಗ್ಗ ಕೂಡ. ಆ ಅನಿಲವನ್ನು ಪಿಸಿವಿ ಎಂಬ ಪುಟ್ಟ ವಾಲ್ವಿನ ಮೂಲಕ ಮತ್ತೆ ಎಂಜಿನ್ನಿಗೇ ಎಳೆಸಿ ಸುಡಿಸುವುದು. ಕಾರು ಕಂಪನಿಗಳು 1961ರ ಮಾಡೆಲ್‌ಗಳಿಗೆ ಅದನ್ನು ಜೋಡಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ ಮಾತ್ರ. ಅಮೆರಿಕದ ಉಳಿದ ಭಾಗ 1963ರವರೆಗೆ ಕಾಯಬೇಕಾಯಿತು. ಇಂಥ ಸಾಧನಗಳನ್ನು ಕಂಪನಿಗಳು ಒಳಸಂಚು ಮಾಡಿ ತಡೆಹಿಡಿದವು ಎಂದು 1969ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು. ಅದೇ ವರ್ಷ ವಿಚಾರಣೆಯೇ ಇಲ್ಲದೆ ಅದು ರಾಜಿಯಲ್ಲಿ ಮುಗಿಯಿತು. ಕಡತಗಳಲ್ಲಿ ಈ ಭಾಗ ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಮರಳಿ ಬರುವ ಅನಿಲದ ಜೊತೆ ಆಯಿಲ್ ಮಂಜೂ ಬರುತ್ತದೆ. ಇನ್‌ಟೇಕ್ ದಾರಿಯಲ್ಲೇ ಪೆಟ್ರೋಲ್ ಚಿಮ್ಮುತ್ತಿದ್ದ ಎಂಜಿನ್ನುಗಳಲ್ಲಿ ಅದೇ ಪೆಟ್ರೋಲ್ ವಾಲ್ವುಗಳನ್ನು ತೊಳೆಯುತ್ತಿತ್ತು. 1996ರಲ್ಲಿ ಮಿತ್ಸುಬಿಷಿ ಮಾರುಕಟ್ಟೆಗೆ ತಂದ ಬಗೆಯ, ನೇರ ಸಿಲಿಂಡರಿಗೇ ಇಂಧನ ಚಿಮ್ಮುವ ಎಂಜಿನ್ನುಗಳು ಹೆಚ್ಚಾದಂತೆ ಆ ತೊಳೆತ ನಿಂತಿತು, ವಾಲ್ವುಗಳ ಮೇಲೆ ಕಾರ್ಬನ್ ಕಟ್ಟತೊಡಗಿತು. ಆ ಮಂಜನ್ನು ದಾರಿಯಲ್ಲೇ ಹಿಡಿಯುವ ಡಬ್ಬಿಯೇ ಕ್ಯಾಚ್ ಕ್ಯಾನ್. ರೇಸಿನಲ್ಲಿ ಇದು ಹಳೆಯದು, ಕಾರಣ ಬೇರೆ: ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿದರೆ ಹಿಂದಿನವನು ಜಾರುತ್ತಾನೆ. ತೆರೆದ ಬ್ರೀದರ್ ಇರುವ ಕಾರಿಗೆ ಎಫ್‌ಐಎ ನಿಯಮದಂತೆ 2000 ಸಿಸಿ ವರೆಗೆ ಕನಿಷ್ಠ 2 ಲೀಟರ್, ಅದಕ್ಕೂ ಮೇಲಾದರೆ 3 ಲೀಟರಿನ ಡಬ್ಬಿ ಬೇಕು.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ಆಫೀಸಿಗೆ ಹೋಗಿಬರುವ ಕಾರಿಗೆ ಬೇಡ, ಕಂಪನಿ ಕೊಟ್ಟ ವ್ಯವಸ್ಥೆಯೇ ಸಾಕು. ನಿನ್ನದು ನೇರ ಇಂಜೆಕ್ಷನ್ನಿನ ಟರ್ಬೊ, ತಿಂಗಳಿಗೊಮ್ಮೆ ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ಯುತ್ತೀಯ. ಉದ್ದ ತಿರುವುಗಳಲ್ಲಿ ಆಯಿಲ್ ಒಂದೇ ಬದಿಗೆ ಸರಿದು ಬ್ರೀದರಿಗೆ ನುಗ್ಗಬಹುದು, ಹಾಗಾಗಿ ಹಾಕಿಸು. ಕಾರ್ಬನ್ ಪೂರ್ತಿ ನಿಲ್ಲುತ್ತದೆಂಬ ಆಸೆ ಬೇಡ, ವಾಲ್ವಿನ ಸೀಲಿನಿಂದಲೂ ಆಯಿಲ್ ಇಳಿಯುತ್ತದೆ. ಒಂದು ಶರತ್ತು ಮಾತ್ರ: ಡಬ್ಬಿಯ ಇನ್ನೊಂದು ಬಾಯಿ ಇನ್‌ಟೇಕಿಗೇ ಮರಳಬೇಕು. ಫಿಲ್ಟರ್ ಕೂರಿಸಿ ಗಾಳಿಗೆ ಬಿಟ್ಟರೆ ನೀನು 1960ಕ್ಕೆ ಹಿಂದಿರುಗಿದಂತೆ.

ಹಾಕಿಸಿದ. ಇನ್‌ಟೇಕಿಗೇ ಮರಳಿಸಿದ. ಮೊದಲ ಟ್ರ್ಯಾಕ್ ದಿನ ಮುಗಿದ ಮೇಲೆ ಫೋಟೊ ಕಳಿಸಿದ: ತಳದಲ್ಲಿ ಎರಡು ಚಮಚದಷ್ಟು, ಹಾಲು ಬೆರೆಸಿದ ಚಹಾದ ಬಣ್ಣದ ದ್ರವ. ನೀರು, ಆಯಿಲ್, ಪೆಟ್ರೋಲ್ ಸೇರಿದ್ದು. ಎಲ್ಲಿ ಸುರಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಪಾರ್ಕಿಂಗ್ ಪಕ್ಕದ ಚರಂಡಿಗೆ."