ಸಭೆಯ ಒಪ್ಪಿಗೆಯೂ ಕಟ್ಟುವವರ ಅರಿವೂ: ಮಾಸಾಯಿ ಹಳ್ಳಿಯ ಶಾಲಾ ವಿನ್ಯಾಸ ಕುರಿತ ಒಂದು ಜಿಜ್ಞಾಸೆ

ಪ್ರಾಥಮಿಕ ಶಾಲೆಯ ಶುಲ್ಕವನ್ನು ತಾಂಜಾನಿಯಾ 2001ರಲ್ಲಿ, ಕೀನ್ಯಾ 2003ರಲ್ಲಿ ರದ್ದುಪಡಿಸಿದವು. ಅಂದಿನಿಂದ, ಈ ಎರಡೂ ದೇಶಗಳಲ್ಲಿ ಹರಡಿರುವ ದನಗಾಹಿ ಮಾಸಾಯಿ ಜನರ ಸೀಮೆಯಲ್ಲೂ ತರಗತಿ ಕೊಠಡಿಗಳ ಬೇಡಿಕೆ ಏರಿದೆ. ಅವುಗಳನ್ನು ಊರವರೊಡನೆ ಕೂಡಿಯೇ ರೂಪಿಸಬೇಕೆಂಬುದನ್ನು ಹಲವು ವಿದ್ವಾಂಸರು ಒಪ್ಪುತ್ತಾರೆ. ಆದರೆ ‘ಕೂಡಿ’ ಮಾಡಿದ್ದೇವೆ ಎಂದು ಅಳೆಯುವುದು ಹೇಗೆ? ನಾಗರಿಕ ಸಹಭಾಗಿತ್ವದ ಚಿಂತಕಿ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಮುಂದಿಟ್ಟ ಎಂಟು ಮೆಟ್ಟಿಲುಗಳ ಏಣಿಯಲ್ಲಿ, ನಿರ್ಧಾರದ ಅಧಿಕಾರ ಜನರ ಕೈಗೆ ಬಂದಷ್ಟೂ ಸಹಭಾಗಿತ್ವ ಮೇಲೇರುತ್ತದೆ. ನನ್ನ ತಕರಾರು ಇಲ್ಲಿದೆ.

ಜನರೆಂದರೆ ಒಂದೇ ಮುದ್ದೆಯಲ್ಲ ಎಂಬುದನ್ನು ಆರ್ನ್‌ಸ್ಟೀನ್ ಒಪ್ಪಿದ್ದರು. ಏಣಿ ಮಾತ್ರ ಅದನ್ನು ತೋರಿಸದು. ಮಾಸಾಯಿ ಊರಿನ ವಿಚಾರ ಇತ್ಯರ್ಥವಾಗುವುದು ಮರದಡಿಯ ಹಿರಿಯ ಗಂಡಸರ ಸಭೆಯಲ್ಲಿ. ಮನೆ ಕಟ್ಟುವವರಾದರೋ ಹೆಂಗಸರು: ಗಳ ನೆಟ್ಟು, ರೆಂಬೆ ಹೆಣೆದು, ಮಣ್ಣು–ಸಗಣಿ ಮೆತ್ತಿ, ಮಳೆಗಾಲದಲ್ಲಿ ಸೋರಿದ ಕಡೆ ಮತ್ತೆ ಮೆತ್ತುವವರು ಅವರೇ. ಗಂಡಸರ ರಾಜಕೀಯ ಹಿಡಿತವನ್ನು ವಸಾಹತು ಆಡಳಿತವೂ ಅಭಿವೃದ್ಧಿ ಯೋಜನೆಗಳೂ ಬಲಪಡಿಸಿದವೆಂದು ಮಾನವಶಾಸ್ತ್ರಜ್ಞೆ ಡೊರೊಥಿ ಹಾಡ್ಜ್‌ಸನ್ 2001ರ ಕೃತಿಯಲ್ಲಿ ವಾದಿಸಿದ್ದಾರೆ. ಹಾಗಾದರೆ ಸಭೆ ಪೂರ್ಣ ಅಧಿಕಾರ ಪಡೆದು ನಕ್ಷೆಗೆ ಒಪ್ಪಿಗೆಯಿತ್ತಾಗಲೂ, ಏಣಿಯ ತುದಿ ಮುಟ್ಟಿದಾಗಲೂ, ಗಾಳಿ, ಬೆಳಕು, ಗೋಡೆಯ ಬಾಳಿಕೆ ಬಲ್ಲವರು ಹೊರಗೇ ಉಳಿದಿರಬಹುದು.

ಆದ್ದರಿಂದ ವಿನ್ಯಾಸದ ನಿರ್ಣಾಯಕ ಮಾತುಕತೆ ಸಭೆಯಲ್ಲಷ್ಟೇ ಅಲ್ಲ, ನಿವೇಶನದಲ್ಲಿ, ನೆಲದ ಮೇಲೆ ಗೂಟ ನೆಟ್ಟು ಹಗ್ಗ ಎಳೆದ ಪೂರ್ಣ ಅಳತೆಯ ನಕ್ಷೆಯೊಳಗೆ, ಕಟ್ಟುವ ಹೆಂಗಸರೊಡನೆ ನಡೆಯಬೇಕು ಎನ್ನುತ್ತೇನೆ. ಈ ಮಾತಿಗೆ ಮಿತಿಗಳುಂಟು. ತಗ್ಗು ಮಾಡಿನ, ಸಣ್ಣ ಕಿಂಡಿಯ ಮನೆಯ ಜ್ಞಾನ ಬೆಳಕು ಬೇಡುವ ತರಗತಿಗೆ ನೇರವಾಗಿ ಒದಗದು. ಹಿರಿಯರನ್ನು ಬದಿಗೊತ್ತಿದರೆ ಜಾಗವೇ ಸಿಗದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರು–ಸೌದೆ ಹೊರುವವರ ಮೇಲೆ ಸಹಭಾಗಿತ್ವದ ಹೆಸರಿನಲ್ಲಿ ಇನ್ನೊಂದು ಬಿಟ್ಟಿ ದುಡಿಮೆ ಹೇರಿದರೆ ಅದು ಅನ್ಯಾಯ. ಅವರ ಸಲಹೆಗೂ ಕೂಲಿ ಸಲ್ಲಬೇಕು.

ಮಾಡಿನ ಪ್ರಶ್ನೆಯಲ್ಲಿ ಈ ವಾದದ ಫಲ ಸ್ಪಷ್ಟ. ವರ್ಷಕ್ಕೆ 500 ಮಿ.ಮೀ. ಮಳೆಯೆಂದು ಹಿಡಿದರೆ 100 ಚದರ ಮೀಟರ್ ತಗಡಿನ ಮಾಡಿನ ಮೇಲೆ 50,000 ಲೀಟರ್ ನೀರು ಬೀಳುತ್ತದೆ. ಸೋರಿಕೆ, ಆವಿ ಕಳೆದರೂ ಬಹುಪಾಲು ತೊಟ್ಟಿಗೆ ಸೇರೀತು. ನೀರಿಗಾಗಿ ನಡೆಯುವ ತಾಯಿಗೂ ಮಗಳಿಗೂ ತೊಟ್ಟಿಯೆಂದರೆ ತರಗತಿಯಷ್ಟೇ ಮುಖ್ಯ. ಅವರನ್ನು ಮೊದಲೇ ಕೇಳಿದ್ದರೆ, ಹಣ ಉಳಿದರೆ ನೋಡೋಣವೆಂದು ತೊಟ್ಟಿಯನ್ನು ಕೊನೆಗೆ ತಳ್ಳುವುದು ಸುಲಭವಾಗದು.

ಮಳೆ ತಪ್ಪಿ ದನಗಳೊಡನೆ ಕುಟುಂಬಗಳು ವಲಸೆ ಹೋದಾಗ ಶಾಲೆಯ ಮೇಲಿನ ಹೊಣೆ ಯಾರದು ಎಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ. ಅದಕ್ಕೆ ಹಲವು ಬರಗಾಲಗಳನ್ನು ದಾಟಿದ ಶಾಲೆಗಳ ಅಧ್ಯಯನ ಬೇಕು.