ಸರ್ಕಾರಿ ಪ್ರಯೋಗಶಾಲೆಗೆ ಕಾಣದೆಹೋದ ಮದ್ದು

ಶಸ್ತ್ರಚಿಕಿತ್ಸೆಗೆ ರೋಗಿಯನ್ನು ನಿದ್ದೆಗೊಳಿಸಿದರಷ್ಟೇ ಸಾಲದು. ಉಸಿರಾಟದ ಕೊಳವೆಯನ್ನು ಗಂಟಲಿಗಿಳಿಸಲು ಸ್ನಾಯುಗಳು ಸಡಿಲವಾಗಬೇಕು. ಇದಕ್ಕೆ ಲೋಕದ ಎಲ್ಲೆಡೆ ಬಳಕೆಯಾದ ಮದ್ದುಗಳಲ್ಲಿ ಸಕ್ಸಿನೈಲ್‌ಕೋಲಿನ್ ಮುಖ್ಯವಾದುದು. ನಿಮಿಷದೊಳಗೆ ಕೆಲಸ ಮಾಡಿ, ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದು ಅದರ ಹೆಚ್ಚುಗಾರಿಕೆ.

ಈ ಗುಣ ಮೊದಲ ಪರೀಕ್ಷೆಯಲ್ಲಿ ಗೊತ್ತಾಗಲೇ ಇಲ್ಲ. 1906ರಲ್ಲಿ ಅಮೆರಿಕ ಸರ್ಕಾರದ ಹೈಜೀನಿಕ್ ಲ್ಯಾಬೊರೇಟರಿಯ ರೀಡ್ ಹಂಟ್ ಮತ್ತು ರೆನೆ ಟಾವೊ ಇದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಅವರಿಗೆ ಬೇಕಾಗಿದ್ದುದು ರಕ್ತದೊತ್ತಡದ ಲೆಕ್ಕ. ಪ್ರಾಣಿಗಳಿಗೆ ಮೊದಲೇ ಕ್ಯುರಾರೆ ಎಂಬ ದಕ್ಷಿಣ ಅಮೆರಿಕದ ಬಾಣದ ವಿಷ ಕೊಟ್ಟಿದ್ದರು. ಆಗಲೇ ಸೋತುಬಿದ್ದ ಸ್ನಾಯುವನ್ನು ಹೊಸ ಮದ್ದೂ ಸೋಲಿಸುತ್ತದೆಂದು ತಿಳಿಯುವುದು ಹೇಗೆ? 1949ರಲ್ಲಿ, ರೋಮ್‌ನ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿದ್ದ ಡೇನಿಯಲ್ ಬೊವೆ ಅದನ್ನು ಕಂಡುಕೊಂಡರು. 1957ರಲ್ಲಿ ಅವರಿಗೆ ನೊಬೆಲ್ ಬಂತು.

1951ರ ಹೊತ್ತಿಗೆ ಮದ್ದು ಯುರೋಪಿನ ಆಸ್ಪತ್ರೆಗಳಿಗೆ ಬಂದಿತ್ತು. ಆಗ ಇನ್ನೊಂದು ತೊಡಕು ಎದುರಾಯಿತು. ಅಪರೂಪಕ್ಕೊಬ್ಬ ರೋಗಿ ಗಂಟೆಗಟ್ಟಲೆ ಸ್ವಂತವಾಗಿ ಉಸಿರಾಡಲಾರದೆ ಮಲಗಿಬಿಡುತ್ತಿದ್ದ. ನಮ್ಮ ರಕ್ತದಲ್ಲಿರುವ ಕೋಲಿನೆಸ್ಟರೇಸ್ ಎಂಬ ಕಿಣ್ವ ಈ ಮದ್ದನ್ನು ಒಡೆದುಹಾಕುತ್ತದೆ. ಕೆಲವರಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಕೆನಡಾದ ಟೊರಾಂಟೊದಲ್ಲಿದ್ದ ವರ್ನರ್ ಕ್ಯಾಲೊ 1950ರ ದಶಕದಲ್ಲಿ ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ರೂಪಿಸಿದರು.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಕಡೆಯದು. ಆಂಧ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ಹರಡಿರುವ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಹೆಚ್ಚು. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಂದಿಗೆ ಇದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನು ವರದಿ ಮಾಡಿದರು. ಉಳಿದವರಿಗಿಂತ ಈ ಸಮುದಾಯದಲ್ಲಿ ಕೊರತೆ ಸುಮಾರು 100 ಪಟ್ಟು ಹೆಚ್ಚೆಂದು, ಹೈದರಾಬಾದಿನ ಸರ್ಕಾರಿ ಸಂಸ್ಥೆ ಸಿ.ಸಿ.ಎಂ.ಬಿ.ಯ ವಿಜ್ಞಾನಿಗಳೂ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ತೀರಾ ಹಿಂದೆ ಕೆಲವೇ ಪೂರ್ವಜರಿಂದ ಬೆಳೆದು, ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾಗುತ್ತ ಬಂದ ಕುಲಗಳಲ್ಲಿ ಇಂಥ ಬದಲಾವಣೆಗಳು ಉಳಿದುಬರುವುದು ಸಹಜ. ಇದು ಯಾರ ತಪ್ಪೂ ಅಲ್ಲ, ದಿನನಿತ್ಯದ ಬದುಕಿಗೆ ತೊಂದರೆಯೂ ಅಲ್ಲ.

ಪ್ರಯೋಗಶಾಲೆಯ ಪ್ರಾಣಿ ಇದನ್ನು ತೋರಿಸಲಾರದು. ತೋರಿಸಬಲ್ಲದ್ದು ಮನೆತನದ ನೆನಪು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ಮಂಡ್ಯಕ್ಕೋ ಮೈಸೂರಿಗೋ ಶಸ್ತ್ರಚಿಕಿತ್ಸೆಗೆ ಹೋಗುವವರಾಗಲಿ, ನಗರವಾಸಿಗಳಾಗಲಿ, "ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಉಸಿರಿನ ತೊಂದರೆಯಾಗಿತ್ತೇ?" ಎಂಬ ವೈದ್ಯರ ಪ್ರಶ್ನೆಗೆ ಯೋಚಿಸಿ ಉತ್ತರಿಸಬೇಕು. ವೈದ್ಯರು ಕೇಳದಿದ್ದರೂ ಹೇಳಬೇಕು. ಗೊತ್ತಿದ್ದರೆ ಬೇರೆ ಮದ್ದಿದೆ. ಗೊತ್ತಿಲ್ಲದೆ ಕೊಟ್ಟರೂ ಕೃತಕ ಉಸಿರಾಟದ ಯಂತ್ರ ಮದ್ದು ಇಳಿಯುವವರೆಗೆ ಕಾಯಬಲ್ಲದು.